ಸ್ಟುಡಿಯೋದ ಕೋಟು

ಚುನಾವಣಾಧಿಕಾರಿ ಭಾರ್ಗವ್ ಸ್ಟೀಲಿನ ಡಬ್ಬಿಯಿಂದ ಒಂದು ಚೀಟಿ ಎತ್ತಿ, ಮಡಿಕೆ ಬಿಡಿಸಿ ಓದಿದರು: “ನಲ್ಲಿ ಚಿಹ್ನೆ, ಪರಶುರಾಮ್ ಅವರಿಗೆ.”

ದುರ್ಗಕ್ಕ ಕುರ್ಚಿಯಿಂದ ಅಲುಗಾಡಲಿಲ್ಲ. ಹೊಸಪೇಟೆಯ ಕಾಲುವೆ ಪಕ್ಕದ ಆ ವಾರ್ಡಿನಲ್ಲಿ ಅವಳನ್ನು ಬರೀ ದುರ್ಗಕ್ಕ ಎಂದು ಕರೆಯುವುದು ಬಿಟ್ಟು ಏಳು ವರ್ಷವಾಗಿತ್ತು. ಅವಳು ನಲ್ಲಿ ದುರ್ಗಕ್ಕ. ಅವಳ ಓಣಿ ಏರಿನಲ್ಲಿದೆ. ಮೇಲಿನ ನಲವತ್ತೆರಡು ಮನೆಗಳಿಗೆ ಪೈಪಿನ ನೀರು ಹತ್ತುತ್ತಿರಲಿಲ್ಲ. ಮಹಡಿ ಏರಿದರೆ ಅಣೆಕಟ್ಟೆ ಕಾಣುತ್ತದೆ, ಕೊಡ ಹೊತ್ತು ಇಳಿಜಾರು ಇಳಿಯುವುದು ಮಾತ್ರ ತಪ್ಪಿರಲಿಲ್ಲ. ಅರ್ಜಿ ಹಿಡಿದು ಓಡಾಡಿ, ಎಂಜಿನಿಯರನ್ನು ಬಿಸಿಲಲ್ಲಿ ಓಣಿ ಹತ್ತಿಸಿ, ಅವಳು ಇಪ್ಪತ್ತೈದು ಮನೆಗೆ ನೀರು ಮುಟ್ಟಿಸಿದ್ದಳು. ಉಳಿದ ಹದಿನೇಳು ಮನೆಗೆ ಬೇರೆಯೇ ಪೈಪು ಬೇಕು. ಅದನ್ನು ಅರ್ಜಿಯಲ್ಲಿ ಕೇಳಿದರೆ ಆಗದು, ನಗರಸಭೆಯಲ್ಲಿ ಕೂತು ಕೇಳಬೇಕು. ಹಾಲಿ ಸದಸ್ಯ ಹನುಮೇಶ್ ಐದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅದಕ್ಕೇ ಅವಳು ಪಕ್ಷೇತರಳಾಗಿ ನಿಂತಿದ್ದಳು.

ಪರಶುರಾಮ್ ಪಂಚರ್ ಅಂಗಡಿಯವನು. ನಾಮಪತ್ರದ ಕೊನೆಯ ದಿನ ಹನುಮೇಶನ ಕಾರಿನಲ್ಲಿ ಬಂದಿಳಿದು, ಅವನೂ ಪಕ್ಷೇತರನಾಗಿ ನಲ್ಲಿ ಚಿಹ್ನೆಯನ್ನೇ ಕೇಳಿದ್ದ. ಇಬ್ಬರು ಕೇಳಿದ್ದರಿಂದ ಚೀಟಿ ಎತ್ತಬೇಕಾಯಿತು.

ಭಾರ್ಗವ್ ಅವಳ ಅರ್ಜಿಯನ್ನು ಮತ್ತೊಮ್ಮೆ ನೋಡಿದರು. “ಮೂರು ಚಿಹ್ನೆ ಬರೀಬೇಕು ಅಂತ ಇದೆ. ಮೂರೂ ಕಡೆ ನಲ್ಲಿ ಅಂತಲೇ ಬರೆದಿದೀರಲ್ಲಮ್ಮ?”

“ಬ್ಯಾರೆ ಯಾವುದೂ ಬ್ಯಾಡಾಗಿತ್ರಿ ಸಾರ್.”

“ಹಾಗಾದ್ರೆ ಉಳಿದದ್ದರಲ್ಲಿ ನಾನೇ ಒಂದು ಕೊಡಬೇಕಾಗುತ್ತೆ. ಕೋಟು.”

“ಕೋಟಾ?”

“ಹೌದಮ್ಮ. ಮೈಮೇಲೆ ಹಾಕ್ಕೊಳ್ಳೋದು.”

ಹೊರಗೆ ಬೇವಿನ ನೆರಳಲ್ಲಿ ಪರಶುರಾಮ್ ಅವಳಿಗಾಗಿ ಕಾದಿದ್ದ. “ಯಕ್ಕಾ, ಸಿಟ್ಟಾಗಬ್ಯಾಡ. ಎಲೆಕ್ಷನ್ ಅಂದ್ರ ಹಿಂಗೆಲ್ಲ ಇರ್ತೈತಿ.”

“ಸಿಟ್ಟಾಗಾಕ ಪುರಸೊತ್ತು ಎಲ್ಲೈತೋ? ಇರೋದು ಒಂಬತ್ತು ದಿನ,” ಎಂದು ಅವಳು ಚಪ್ಪಲಿ ಮೆಟ್ಟಿದಳು.

ಸಂಜೆ ಗಂಡ ಜಂಬುನಾಥ ದೋಣಿಮಲೈ ಗಣಿಯ ಸ್ಟಾಫ್ ಬಸ್ಸಿನಿಂದಿಳಿದು ಬಂದು, ಸುದ್ದಿ ಕೇಳಿ ನಕ್ಕೇಬಿಟ್ಟ. “ಈ ಬಿಸಿಲಾಗ ಕೋಟು? ನಮ್ಮ ದೊಡ್ಡ ಸಾಹೇಬ್ರೂ ಹಾಕ್ಕಣಲ್ಲಲೇ.” ಆಮೇಲೆ ಹೆಂಡತಿಯ ಮುಖ ನೋಡಿ, ಒಂದು ರಟ್ಟಿನ ಪೆಟ್ಟಿಗೆ ಕತ್ತರಿಸಿಕೊಟ್ಟ.

ಆ ರಟ್ಟಿನ ಮೇಲೆ ಅವಳು ಮತಯಂತ್ರದಲ್ಲಿ ಇರುವಂತೆಯೇ ಐದು ಸಾಲು ಹಾಕಿ, ಒಂದೊಂದು ಚಿಹ್ನೆ ಬರೆದಳು. ನಾಲ್ಕನೆಯದು ಕೋಟು, ಅದರ ಕೆಳಗೇ ನಲ್ಲಿ. ಮೊದಲು ತೋರಿಸಿದ್ದು ಅತ್ತೆ ಹೊಳೆಮ್ಮನಿಗೆ. ಎಪ್ಪತ್ತೆಂಟು ವರ್ಷದ ಮುದುಕಿ ಕನ್ನಡಕ ಏರಿಸಿ, ಐದೂ ಚಿತ್ರ ನೋಡಿ, ನಲ್ಲಿ ಒತ್ತಿದಳು.

“ಅತ್ತೀ, ಅದಲ್ಲ. ನಂದು ಕೋಟು.”

“ಹೂಂ, ಗೊತ್ತಾತು ಬಿಡು.” ಮತ್ತೆ ನಲ್ಲಿ ಒತ್ತಿದಳು.

“ಅತ್ತೀ!”

“ನಲ್ಲಿ ಅಂದ್ರ ನೀನಾ ಅಲ್ಲೇನವಾ? ಊರು ಮಂದಿ ಎಲ್ಲ ಅಂತಾರ. ಈಗ ಅಲ್ಲ ಅಂದ್ರ ನಾ ಏನ್ ಮಾಡ್ಲಿ?”

ದುರ್ಗಕ್ಕನ ನಿದ್ದೆ ಕೆಡಿಸಿದ್ದು ಹನುಮೇಶನ ಪ್ರಚಾರದ ಜೀಪುಗಳಲ್ಲ, ಈ ಮಾತು. ತನಗೆ ಒಲಿದವರೇ ತನ್ನನ್ನು ಸೋಲಿಸುವಂತಿತ್ತು. ಮರುದಿನ ಅರವತ್ತು ಮನೆ ತಿರುಗಿದಳು. ಕೋಟು, ಕೋಟು ಎಂದು ಗಂಟಲು ಒಣಗುವಷ್ಟು ಹೇಳಿ ರಟ್ಟು ಮುಂದೆ ಹಿಡಿದರೆ, ಮೂವತ್ತೆಂಟು ಮನೆಯಲ್ಲಿ ಒಬ್ಬರಲ್ಲ ಒಬ್ಬರು ನಲ್ಲಿ ಒತ್ತಿದರು. ಲೆಕ್ಕವನ್ನು ರಟ್ಟಿನ ಹಿಂಬದಿಗೆ ಬರೆದಿಟ್ಟಳು. ಎರಡನೆಯ ದಿನ ಮೂವತ್ತೈದು. ಮೂರನೆಯ ದಿನ ಮೂವತ್ತಾರು. ಹೀಗೇ ಹೋದರೆ ಆಗುವುದಿಲ್ಲ ಎಂದು ತಿಳಿಯಲು ಮತ್ತೊಂದು ದಿನ ಬೇಕಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಹೊಳೆಮ್ಮ ಗಂಡ ಉಚ್ಚೆಂಗಪ್ಪನ ಫೋಟೋಕ್ಕೆ ಊದಿನಕಡ್ಡಿ ಬೆಳಗುತ್ತಿದ್ದಳು. ಅವನು ತೀರಿಹೋಗಿ ಹನ್ನೊಂದು ವರ್ಷವಾಗಿತ್ತು; ಮನೆಯಲ್ಲಿದ್ದ ಅವನ ಫೋಟೋ ಆ ಮದುವೆಯದೊಂದೇ. ದುರ್ಗಕ್ಕ ಜಡೆ ಹಾಕಿಕೊಳ್ಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿದಳು.

“ಅತ್ತೀ, ಮಾವ ಮೈಮ್ಯಾಲೆ ಏನು ಹಾಕ್ಕೊಂಡಾರ?”

“ಕೋಟು. ಕಣ್ಣು ಕಾಣಂಗಿಲ್ಲೇನು?”

“ಅವರಿಗೆ ಕೋಟು ಎಲ್ಲಿಂದ ಬಂತು? ಕಂಪ್ಲಿಯಾಗ ಗದ್ದಿ ಕೆಲಸ ಮಾಡ್ತಿದ್ರು ಅಂತೀರಿ.”

“ಅವರದ್ಯಾಕ ಆಗ್ತೈತಿ? ಸ್ಟುಡಿಯೋದ್ದು. ಬಜಾರದಾಗ ಒಬ್ಬಾವ ಇದ್ದ, ಗೂಟಕ್ಕ ಒಂದ ಕೋಟು ನೇತು ಹಾಕಿದ್ದ. ಮದಿವ್ಯಾದ ಗಂಡಸ್ರೆಲ್ಲ ಅದನ್ನ ಹಾಕ್ಕಂಡು ಕುಂದ್ರತಿದ್ರು. ನೋಡಲ್ಲಿ, ತೋಳು ಉದ್ದಾಗಿ ಬೆರಳೇ ಕಾಣಂಗಿಲ್ಲ. ನಡುವಿನ ಗುಂಡಿ ಆಗಲೇ ಹೋಗಿತ್ತು.”

ದುರ್ಗಕ್ಕ ರಟ್ಟು ತಂದು ಫೋಟೋದ ಕೆಳಗೆ ಹಿಡಿದಳು. “ಈಗ ಮಾವನ ಕೋಟು ಒತ್ರಿ.”

ಹೊಳೆಮ್ಮ ಒಂದು ಗಳಿಗೆ ಫೋಟೋ ನೋಡಿದಳು, ಇನ್ನೊಂದು ಗಳಿಗೆ ರಟ್ಟು ನೋಡಿದಳು. ಬೆರಳು ನೆಟ್ಟಗೆ ನಾಲ್ಕನೆಯದಕ್ಕೆ ಹೋಯಿತು.

ಜಡೆ ಪೂರ್ತಿ ಆಗುವ ಮೊದಲೇ ದುರ್ಗಕ್ಕ ಪಕ್ಕದ ಮನೆಯಲ್ಲಿದ್ದಳು. ಅಲ್ಲಿಯ ಗೋಡೆಯ ಮೇಲೂ ಅದೇ ಕೋಟು, ಒಳಗೆ ಬೇರೆ ಗಂಡಸು. ಅದರಾಚೆಯ ಮನೆಯಲ್ಲಿ ಪೆಟ್ಟಿಗೆಯ ತಳದಿಂದ ಹೊರಬಂತು; ಅಲ್ಲೂ ನಡುವಿನ ಗುಂಡಿ ಇರಲಿಲ್ಲ. ಆ ಸ್ಟುಡಿಯೋದ ಕೋಟಿಲ್ಲದ ಮನೆಗಳಲ್ಲಿ ಮಗನದೋ ಅಳಿಯನದೋ ರಿಸೆಪ್ಷನ್ ಫೋಟೋ ಇದ್ದೇ ಇತ್ತು. ಕೋಟು ತೊಡದೆ ಮದುವೆಯಾದವರು ವಾರ್ಡಿನಲ್ಲಿ ಅಪರೂಪ. ಅವಳೀಗ ಭಾಷಣ ಬಿಟ್ಟಳು. ಒಳಗೆ ಹೋಗುತ್ತಲೇ, “ನಿಮ್ಮ ಮದಿವಿ ಫೋಟೋ ಎಲ್ಲೈತಿ, ತೋರಿಸ್ರಿ,” ಎನ್ನುವಳು. ಹೆಂಗಸರು ನಗುತ್ತ, ಆಗಿನ ಗಂಡನ ತೆಳ್ಳನೆಯ ಮೈ ಆಡಿಕೊಳ್ಳುತ್ತ, ಕೋಟು ಒತ್ತುವರು. ಆ ದಿನ ಅರವತ್ತರಲ್ಲಿ ತಪ್ಪಿದ್ದು ಹದಿನೈದು ಮನೆ. ಮರುದಿನ ಒಂಬತ್ತು.

ಪ್ರಚಾರದ ಕೊನೆಯ ದಿನ ಅವಳು ಓಣಿಯ ತುದಿಯ, ನೀರು ಬಾರದ ಹದಿನೇಳು ಮನೆಗಳಿಗೆ ಹೋದಳು. ಕಟ್ಟಕಡೆಯದು ಪರಶುರಾಮನದು. ಅವನು ಅಂಗಳದಲ್ಲಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದವನು ಗಾಬರಿಯಾಗಿ ಎದ್ದ.

“ಯಕ್ಕಾ, ನನ್ನ ಮನಿಗೂ ಬಂದಿಯೇನು?”

“ಯಾಕಪ್ಪ, ಇಲ್ಲಿ ವೋಟಿಲ್ಲೇನು?”

ಒಳಗಿನಿಂದ ಅವನ ತಾಯಿ ರೇಣುಕಮ್ಮ ಕೂಗಿದಳು: “ಎರಡು ವೋಟು ಅದಾವ, ಬಾರವಾ! ಒಂದು ಕೊಡ ನೀರಿಲ್ಲ, ಚಾ ಮಾತ್ರ ಕೇಳಬ್ಯಾಡ.”

ಅವಳ ಗಂಡನೂ ಅದೇ ಕೋಟಿನಲ್ಲಿ ಗೋಡೆಯ ಮೇಲಿದ್ದ. ಅವಳು ಕೇಳುವ ಮೊದಲೇ ಕೋಟು ಒತ್ತಿ, ಮಗನತ್ತ ತಿರುಗಿದಳು. “ನೀನೂ ಒತ್ತಿ ತೋರಿಸೋ, ನಲ್ಲಿ ಸಾಹುಕಾರ.” ಪರಶುರಾಮ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಏಳುತ್ತದೆಯೇ ಎಂದು ಬಹಳ ಹೊತ್ತು ನೋಡಿದ.

ಮತದಾನದ ದಿನ ಜಂಬುನಾಥ ತಾಯಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಬಂದ. ಮನೆಗೆ ಬಂದ ಮೇಲೆ ತಡೆಯಲಾರದೆ ಕೇಳಿದ: “ಯವ್ವಾ, ಯಾರಿಗೆ ಒತ್ತಿದಿ?”

“ನಿಮ್ಮಪ್ಪಗ,” ಎಂದಳು ಹೊಳೆಮ್ಮ.

ಎಣಿಕೆಯ ದಿನ ಲೆಕ್ಕ ಮುಗಿದಾಗ ಬೆಳಿಗ್ಗೆ ಇನ್ನೂ ಹತ್ತು ಗಂಟೆ ಆಗಿರಲಿಲ್ಲ. ಹನುಮೇಶ್ 587, ದುರ್ಗಕ್ಕ 593. ಜಂಬುನಾಥ ಹೆಗಲ ಮೇಲಿನ ಟವೆಲ್ ತೆಗೆದು ಬೀಸತೊಡಗಿದ. ಅವಳು ಮಾತ್ರ ಎಣಿಕೆಯ ಗುಮಾಸ್ತನನ್ನು ಕೇಳಿದಳು: “ನಲ್ಲಿಗೆ ಎಷ್ಟು ಬಿದ್ದಾವ್ರಿ?”

“ನಲವತ್ತೊಂಬತ್ತು.”

ಅಷ್ಟು ಜನಕ್ಕೆ ತನ್ನ ಕೋಟು ಮುಟ್ಟಲಿಲ್ಲ ಎಂದುಕೊಂಡಳು. ಓಣಿಯ ಬಾಯಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬಂದವಳೇ, ಹಾರ ಗೂಟಕ್ಕೆ ನೇತುಹಾಕಿ, ಅಳತೆಯ ಟೇಪು ಹಿಡಿದು ಏರು ಹತ್ತಿದಳು. ಪಂಚರ್ ಅಂಗಡಿಯ ಮುಂದೆ ಪರಶುರಾಮ್ ತಲೆ ತಗ್ಗಿಸಿ ನಿಂತಿದ್ದ.

“ಯಕ್ಕಾ, ಆಣಿ ಮಾಡಿ ಹೇಳ್ತೀನಿ. ಆ ನಲವತ್ತೊಂಬತ್ತರಾಗ ನಮ್ಮ ಮನಿದು ಒಂದೂ ಇಲ್ಲ.”

“ವೋಟು ಗುಪ್ತ ಇರ್ತೈತಿ, ನಂಗ್ಯಾಕ ಹೇಳ್ತಿ?” ಎಂದು ದುರ್ಗಕ್ಕ ಟೇಪಿನ ತುದಿಯನ್ನು ಅವನ ಕೈಗಿಟ್ಟಳು. “ಇದನ್ನ ಹಿಡಕಂಡು ನಿಮ್ಮನಿ ಬಾಗಿಲತನಕ ನಡಿ. ಎಷ್ಟು ಅಡಿ ಪೈಪು ಬೇಕಂತ ಮೊದಲನೇ ಮೀಟಿಂಗಿನಾಗ ಕೇಳ್ತಾರ.”

ಅವನು ಟೇಪು ಹಿಡಿದು ಏರು ಹತ್ತಿದ. ಇಪ್ಪತ್ತೈದನೆಯ ಮನೆಯ ನಲ್ಲಿಯ ಬಳಿ ದುರ್ಗಕ್ಕ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಳು. “ಜಗ್ಗು,” ಎಂದು ಕೂಗಿದಳು, “ಸಡ್ಲ ಬಿಡಬ್ಯಾಡ!”