ಕಲ್ಲಿನ ಮೇಲಿನ ಅಂಗೈಯಗಲ

ತೊಟ್ಟಿಕ್ಕುತ್ತಿದೆ, ಕಿಟಕಿಯ ಹೂಕುಂಡದಿಂದ ತಟ್ಟೆಗೆ, ಈ ಸ್ಮಶಾನದ ಕಚೇರಿಯ ಹುಡುಗಿ ಗಿಡಕ್ಕೆ ನೀರು ಜಾಸ್ತಿ ಸುರಿದಿದ್ದಾಳೆ, ಅಜ್ಜಿ ಇದ್ದಿದ್ದರೆ ಗದರುತ್ತಿದ್ದಳು, ಬೇರು ಕೊಳೆಯುತ್ತೆ ಕಣೇ ರೊಸ್ವಿತಾ — ಇರಲಿ, ಕೂರಲು ಕುರ್ಚಿ ಸಿಕ್ಕಿತಲ್ಲ, ಎಪ್ಪತ್ತಾರರ ಮೊಣಕಾಲು, ಇನ್ನು ಬೇಡವೆಂದು ಒಂದು ಸಹಿ ಹಾಕಿದರೆ ಮುಗಿಯಿತು, ನಮ್ಮ ಹಾರ್ಟ್‌ಲೆಬೆನ್ ಮನೆತನದ ಸಮಾಧಿ ಜಾಗದ ಗುತ್ತಿಗೆಯ ಅವಧಿ ತೀರಿದೆ, ಹಣ ಕಟ್ಟಿ ಮುಂದುವರಿಸದಿದ್ದರೆ ಕಲ್ಲು ಕಿತ್ತು ನೆಲ ಸಮ ಮಾಡಿ ಹುಲ್ಲು ಬಿತ್ತುತ್ತಾರೆ, ಸತ್ತ ಮೇಲೂ ಬಾಡಿಗೆ ಮನೆಯೇ, ಕಲ್ಲಿಗೆ ಹಳದಿ ಚೀಟಿ ಅಂಟಿಸಿದ್ದಾರೆ, ದಯವಿಟ್ಟು ಕಚೇರಿಯನ್ನು ಸಂಪರ್ಕಿಸಿ, ಮುತ್ತಜ್ಜನಿಗೇ ಚೀಟಿ! ತ್ಸೆಲ್ಲೆ ಊರಿನ ದೊಡ್ಡ ಔಷಧದಂಗಡಿ ಅವನದು, ನಗರಸಭೆಯಲ್ಲಿ ಅವನು ಕೆಮ್ಮಿದರೆ ಸಾಕು, ಎಲ್ಲರೂ ಗಪ್‌ಚಿಪ್, ಆಮೇಲೆ ಅಜ್ಜ, ಆಮೇಲೆ ಅಪ್ಪ, ಎಲ್ಲರದೂ ಗಂಜಿ ಹಾಕಿದ ಬಿಳಿ ಕೋಟು, ಕೊನೆಗೆ ನಾನು, ಅಂಗಡಿ ಮಾರಿದವಳು, ಈಗಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಬಿಟ್ಬಿಡಿ ಅತ್ತೆ, ಎಂದ ತಮ್ಮನ ಮಗ ಯೆನ್ಸ್, ಸತ್ತೋರು ಬಂದು ಕೇಳ್ತಾರಾ, ನಾನಂತೂ ಹ್ಯಾಂಬರ್ಗಿಂದ ನೀರು ಹಾಕೋಕೆ ಬರಲ್ಲ. ಸರಿಯೇ ಅವನು ಹೇಳಿದ್ದು, ನನಗೂ ಸಾಕಾಗಿದೆ.

ಚಿಕ್ಕಂದಿನಲ್ಲಿ ಪ್ರತಿ ಶನಿವಾರ ಅಜ್ಜಿಯ ಹಿಂದೆ ಇಲ್ಲಿಗೆ ಬರುತ್ತಿದ್ದೆ, ನಲ್ಲಿಯ ಹತ್ತಿರ ಸರಪಳಿಯಲ್ಲಿ ಬೀಗ ಹಾಕಿಟ್ಟ ನಮ್ಮ ನೀರಿನ ತಗಡು ಡಬ್ಬ, ನಾನು ಹೂಗಳಿಗೆ ಹುಯ್ಯುವುದು, ಅಜ್ಜಿ ಮಂಡಿಯೂರಿ ಬ್ರಷ್ಷಿನಿಂದ ಕಲ್ಲು ತಿಕ್ಕುವುದು, ಹೆಸರುಗಳನ್ನಲ್ಲ, ಮುತ್ತಜ್ಜಿಯ ಹೆಸರಿಗೂ ಅಜ್ಜನ ಹೆಸರಿಗೂ ನಡುವೆ ಬಿಟ್ಟ ಅಂಗೈಯಗಲ ಖಾಲಿ ಜಾಗವನ್ನು, ಇಲ್ಲೇನೂ ಬರೆದಿಲ್ವಲ್ಲ ಅಜ್ಜೀ, ಕಲ್ಲುಕುಟಿಗಂಗೆ ಸುಸ್ತಾಗಿತ್ತು ಕಣೇ, ನೀನು ಸುಮ್ನೆ ನೀರು ಹುಯ್ಯಿ. ಅಜ್ಜಿ ಸತ್ತ ವರ್ಷ ಅಮ್ಮ ಆಲೂಗಡ್ಡೆ ಸುಲಿಯುತ್ತ ತಲೆಯೆತ್ತದೆ ಹೇಳಿದಳು, ನಿಮ್ಮಪ್ಪಂಗೆ ಒಬ್ಬಳು ಅಕ್ಕ ಇದ್ಲು, ಲೀಸ್‌ಬೆಟ್, ಮೂರ್ಛೆ ಬರ್ತಿತ್ತು, ನಲವತ್ತೊಂದರಲ್ಲಿ, ಯುದ್ಧದ ಕಾಲ, ಇಂಥ ರೋಗಿಗಳನ್ನ ಕೊಲ್ಲೋಕೆ ಒಯ್ತಿದ್ದ ಸರ್ಕಾರದ ಬೂದು ಬಣ್ಣದ ಬಸ್ಸು ಬಂತು, ಕರ್ಕೊಂಡು ಹೋಗಿ ಅಂತ ನಿಮ್ಮಜ್ಜ ಸಹಿ ಹಾಕಿದ್ರು, ಮೂರೇ ವಾರ, ಬೂದಿ ಅಂಚೇಲಿ ಬಂತು, ನ್ಯುಮೋನಿಯಾ ಅಂತ ಕಾಗದ, ಅದನ್ನ ಯಾರು ನಂಬಿದ್ರು, ನೀನು ಬಾಯಿ ಬಿಡಬೇಡ, ಮನೆತನದ ಮಾನ. ಬಿಡಲಿಲ್ಲ, ಐವತ್ತು ವರ್ಷ ಬಿಡಲಿಲ್ಲ, ಅಜ್ಜನ ಮೇಲೆ ಹೇಸಿಗೆ ಪಡುತ್ತಲೇ ಅವನ ಹೆಸರಿಗೆ ಹೂವಿಟ್ಟೆ, ಅವನದೊಂದು ಸಹಿ, ಈಗ ನನ್ನದೊಂದು — ಕಲ್ಲಿನ ಮೇಲೆ ಎಷ್ಟು ಹೆಸರಿದೆ ಮೇಡಂ, ಹುಡುಗಿ ಕೇಳುತ್ತಿದ್ದಾಳೆ, ಆರು, ಎನ್ನುತ್ತೇನೆ, ಎಷ್ಟು ಸಲೀಸಾಗಿ ಬಂತು, ಥೂ ನನ್ನ ಬಾಯಿಗೆ, ಆದರೆ ನಮ್ಮ ದಾಖಲೇಲಿ ಏಳು ಜನ ಇದ್ದಾರಲ್ಲ ಮೇಡಂ, ನಲವತ್ತೊಂದನೇ ಇಸವಿದು, ಬೂದಿ ಪಾತ್ರೆ, ಹೆಸರಿನ ಮೇಲೆ ನೀರು ಬಿದ್ದು ಶಾಯಿ ಹರಡಿದೆ, ಯಾರದು ಅಂತ ನಿಮಗೆ ಗೊತ್ತಾ, ಗೊತ್ತು, ಗೊತ್ತಮ್ಮಾ, ಗಂಟಲಲ್ಲೇ ಇದ್ದಾಳೆ, ಪೆನ್ನು ಕೈಯಲ್ಲಿದೆ, ತೊಟ್ಟಿಕ್ಕುತ್ತಿದೆ, ಲೀ — ಕಣ್ಣ ಮುಂದೆ ಅದೇ ಕಲ್ಲು, ಆರು ಹೆಸರಿಗೂ ಪಾಚಿ, ಆ ಅಂಗೈಯಗಲ ಜಾಗ ಮಾತ್ರ ಶುಭ್ರ, ಅಜ್ಜಿ ಮಂಡಿಯೂರಿದ್ದಾಳೆ, ತಿಕ್ಕುತ್ತಿದ್ದಾಳೆ, ತಿಕ್ಕುತ್ತಲೇ ಇದ್ದಾಳೆ