ಕುಂಕುಮ ತುಂಬಿದ ನಂಬರು

ಮರಾಠಿ ಸೀಮೆಯ ಹಿಂಗಣಾದಲ್ಲಿ, ಕಬ್ಬಿಣ ಕಡೆಯುವ ಲೇಥ್ ಅಂಗಡಿಗಳಿಗೆ ಕೆಲಸ ಕಡಿಮೆಯಾದಾಗ, ಬಂದ ಗಿರಾಕಿಯನ್ನು ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅಲ್ಲೊಂದು ಅಂಗಡಿ ನಡೆಸುವ ಹಯವದನರಿಗೂ ಬರಲಿಲ್ಲ. ಆದರೆ ಪ್ರೀತಮ್ ಎಂಬ ಹೊಸ ಗಿರಾಕಿ ಬಟ್ಟೆ ಸುತ್ತಿದ ಗಂಟೊಂದನ್ನು ಇಟ್ಟು ಹೋದಾಗಿನಿಂದ ಅವರ ಹೆಂಡತಿ ಅನಸೂಯಳಿಗೆ ಸಮಾಧಾನವಿರಲಿಲ್ಲ. ಕೆಲಸಗಾರರು ಊಟಕ್ಕೆ ಹೋದ ಹೊತ್ತು ನೋಡಿಯೇ ಬಂದಿದ್ದ ಆತ. ಮಾತಾಡುವಾಗ ಕಣ್ಣೆಲ್ಲ ರಸ್ತೆಯ ಮೇಲೆ. ಫೋನ್ ನಂಬರ್ ಕೇಳಿದರೆ "ಮೀಚ್ ಯೇತೋ, ನಾನೇ ಬರುತ್ತೇನೆ" ಎಂದು ಜಾರಿಕೊಂಡಿದ್ದ.

ಆಯುಧಪೂಜೆಯ ದಿನ ಅನಸೂಯ ಅಂಗಡಿಯ ಸಾಮಾನಿಗೆಲ್ಲ ಕುಂಕುಮ ಹಚ್ಚುತ್ತ ಬಂದಳು. ಒಳಗಿರುವ ಯಾವ ಕಬ್ಬಿಣವನ್ನೂ ಬಿಡಬಾರದೆಂಬುದು ಅತ್ತೆ ಹಾಕಿಕೊಟ್ಟ ಪದ್ಧತಿ. ಲೇಥ್ ಕೆಳಗಿದ್ದ ಪ್ರೀತಮನ ಗಂಟನ್ನೂ ಎಳೆದು ಬಿಚ್ಚಿದಳು. ಉಕ್ಕಿನ ತುಂಡುಗಳು. ಅವಳ ಬೆರಳು ಒತ್ತಿದಲ್ಲಿ, ಕೊರೆದ ಅಂಕಿಗಳೊಳಗೆ ಕೆಂಪು ತುಂಬಿ ನಂಬರೊಂದು ಎದ್ದು ಕಂಡಿತು.

"ಇವಕ್ಕೇನು ಮಾಡಂದಾನ್ರೀ ಅಂವಾ?" ಎಂದು ಗಂಡನನ್ನು ಕೇಳಿದಳು.

"ನಂಬರ್ ಉಜ್ಜಿ ತೆಗಿ ಅಂದಾನ. ಹಳೇ ಮಷೀನಿನ ಪಾರ್ಟ್ ಅಂತ."

"ಮಷೀನಿನ ನಂಬರ್ ಯಾರರೆ ಅಳಸ್ತಾರೇನ್ರೀ? ನಮ್ಮ ಲೇಥಿನ ನಂಬರ್ ನೀವು ತಿಕ್ಕಿ ತಿಕ್ಕಿ ಹೊಳಸ್ತೀರಿ!"

"ಹಬ್ಬದ ದಿನಾ ನೀ ಪೊಲೀಸ್ ಆಗಬ್ಯಾಡ. ಜಲ್ದಿ ಪೂಜಾ ಮುಗಸು."

ಪ್ರಸಾದಕ್ಕೆ ಬಂದಿದ್ದ ನೆರೆಮನೆಯ ದೇಚಮ್ಮ ಕೊಡಗಿನವರು. ಸೈನ್ಯದಲ್ಲಿ ನರ್ಸ್ ಆಗಿದ್ದು, ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಕಾಂಗೋ ದೇಶದಲ್ಲಿ ದುಡಿದು ಬಂದವರು. ಗಂಟು ನೋಡಿದವರೇ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಇದು ಪಿಸ್ತೂಲಿನ ಭಾಗ. ಯಾರೂ ಮುಟ್ಬೇಡಿ."

ಹಯವದನರ ಮುಖ ಬಿಳಿಚಿತು. ಅನುಮಾನ ಅವರಿಗೂ ಇತ್ತೆಂದು ಅನಸೂಯಳಿಗೆ ಆಗ ತಿಳಿಯಿತು. ಆದರೂ ಅವರು ಸೋಲಲಿಲ್ಲ.

"ನಿಮ್ಮ ಕೊಡಗಿನಾಗ ಮನಿಮನಿಗೂ ಬಂದೂಕ ಇರ್ತಾವಂತಲ್ಲ? ನನಗ ಹೇಳ್ಲಿಕ್ಕೆ ಬಂದ್ರಿ!"

"ಇದೆ ಕಣ್ರೀ. ಹೂವಿಟ್ಟು ಎಲ್ಲರೆದುರೇ ಪೂಜೆ ಮಾಡ್ತೀವಿ. ಅದಕ್ಕೆ ನಂಬರಿದೆ, ಸರ್ಕಾರದ ಹತ್ತಿರ ದಾಖಲೆ ಇದೆ. ನಿಮ್ಮದು ಲೇಥ್ ಕೆಳಗೆ ಯಾಕಿತ್ತು?"

ದೇಚಮ್ಮ ದನಿ ತಗ್ಗಿಸಿದರು.

"ಕಾಂಗೋದಲ್ಲಿ ಗುಂಡು ತಗಲಿದ ಮಕ್ಕಳಿಗೆ ಪಟ್ಟಿ ಕಟ್ಟಿದ ಕೈ ಇದು. ಅಲ್ಲಿ ಬಂದೂಕು ಸಿಕ್ಕರೆ ಮೊದಲು ನಂಬರ್ ಹುಡುಕ್ತಿದ್ರು. ಎಲ್ಲಿ ತಯಾರಾಯ್ತು, ಯಾರ ಕೈಯಿಂದ ಜಾರಿತು ಅಂತ ತಿಳಿಯೋ ದಾರಿ ಅದು. ಪ್ರತಿ ಬಂದೂಕಿಗೂ ಗುರುತಿರಬೇಕು, ಒಂದು ದೇಶ ಕೇಳಿದರೆ ಇನ್ನೊಂದು ಹೇಳಬೇಕು ಅಂತ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿಕೊಂಡಿವೆ. ನಂಬರ್ ಉಜ್ಜಿದರೆ ಸುಳಿವು ಅಲ್ಲಿಗೇ ಮುಗೀತು."

"ಕಾಂಗೋ ಎಲ್ಲೆ, ಹಿಂಗಣಾ ಎಲ್ಲೆ!"

"ಅಲ್ಲೂ ಯಾರೋ ಒಬ್ಬ ಅಂಗಡಿಯಲ್ಲಿ ಕೂತು ಉಜ್ಜಿರ್ತಾನೆ. ಅವನೂ ಹೀಗೇ ಅಂದಿರ್ತಾನೆ."

ಹೊರಗೆ ಬೈಕೊಂದು ನಿಧಾನವಾಯಿತು. ಪ್ರೀತಮ್ ಬಂದನೇನೋ ಎಂದು ಮೂವರೂ ಬಾಗಿಲತ್ತ ತಿರುಗಿದರು. ಅದು ಮುಂದೆ ಹೋಯಿತು.

"ಪೊಲೀಸರು ನನ್ನನ್ನ ಒಳಗ ಹಾಕಿದ್ರ?" ಹಯವದನರ ದನಿ ಕುಗ್ಗಿತ್ತು.

"ಉಜ್ಜಿ ಕೊಟ್ಟ ಮ್ಯಾಲೆ ಸಿಕ್ಕರ ಬಿಡ್ತಾರೇನ್ರೀ?" ಎಂದಳು ಅನಸೂಯ. "ನಂಬರ್ ಇನ್ನೂ ಹಂಗ ಅದ. ಈಗ ಹೇಳ್ರಿ."

ಹಯವದನರು ಫೋನ್ ತೆಗೆದರು.

ಬಂದ ಪೊಲೀಸ್ ಅಧಿಕಾರಿ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಗದರಿದರು. ಹಯವದನರು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಅಧಿಕಾರಿ ಬಗ್ಗಿ, ಕೆಂಪು ತುಂಬಿದ ಅಂಕಿಗಳನ್ನು ಒಂದೊಂದಾಗಿ ಓದಿಕೊಂಡರು. "ನಂಬರ್ ಆಹೇ, ನಂಬರ್ ಇದೆ" ಎಂದರು, "ಇನ್ನು ಹುಡುಕಬಹುದು."

ಈಗ ಯಾರು ಏನು ತಂದರೂ ಹಯವದನರ ಮೊದಲ ಮಾತು: "ಇದು ಯಾತರ ಪಾರ್ಟ್?"

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಗೂ ಇಂಥ ಗಂಟು ಬಂದೀತು. ಅನುಮಾನಪಡಲು ನಾಚಬೇಡಿ. ಮುಟ್ಟಬೇಡಿ, ಉಜ್ಜಬೇಡಿ, ೧೧೨ಕ್ಕೆ ಫೋನ್ ಮಾಡಿ. ಆ ಗುಂಡು ಯಾರ ಮಗುವಿನತ್ತ ಹೊರಟಿದೆಯೋ ನಮಗೆ ಕಾಣುವುದಿಲ್ಲ. ನಂಬರ್ ಕಾಣುತ್ತದೆ. ಅದನ್ನು ಉಳಿಸಿ.