ಹೆಸರಿನ ಬಿಲ್ಲೆ

ಬೆಂಕಿಯೊಳಗೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಹೊರಗೆ ಹಲಗೆ ಹಿಡಿದು ನಿಂತವನ ಕೈಗೆ ಕೊಟ್ಟು ಹೋಗಬೇಕು. ಅವನು ಅದನ್ನು ಹಲಗೆಗೆ ಸಿಕ್ಕಿಸಿ, ಪಕ್ಕದಲ್ಲಿ ಹೊತ್ತು ಬರೆದು, ಬೆನ್ನ ಮೇಲಿನ ಸಿಲಿಂಡರಿನ ಗಾಳಿ ಮುಗಿಯುವ ಮೊದಲೇ ವೈರ್‌ಲೆಸ್‌ನಲ್ಲಿ ಕರೆದು ಹೊರಗೆ ತರಿಸಬೇಕು. ದಕ್ಷಿಣ ತೈವಾನಿನ ಆ ಅಗ್ನಿಶಾಮಕ ಠಾಣೆಯಲ್ಲಿ ಹನ್ನೊಂದು ವರ್ಷದಿಂದ ಹಲಗೆ ಹಿಡಿಯುತ್ತಿದ್ದವನು ಕುವೊತುಂಗ್. ಒಮ್ಮೆಯೂ ತಪ್ಪಿದವನಲ್ಲ. ಆ ಮಂಗಳವಾರ ಮಧ್ಯಾಹ್ನ ತಪ್ಪಿದ.

ಎರಡು ದಿನ ಸತತ ಡ್ಯೂಟಿ, ಒಂದು ದಿನ ರಜೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದವನು ಅಷ್ಟರೊಳಗೆ ಮೂರು ಮನೆಗಳಲ್ಲಿ ಹಾವು ಹಿಡಿದಿದ್ದ, ಶಾಲೆಯ ಮರದಿಂದ ಕಣಜದ ಹುಳುಗಳ ಗೂಡು ಇಳಿಸಿದ್ದ, ಐದು ಸಲ ಆಂಬುಲೆನ್ಸ್ ಹತ್ತಿದ್ದ. ಬೆಕ್ಕು ತಗಡಿನ ಮೇಲೆ ಹತ್ತಿ ಕೂತರೂ ಊರಿನವರಿಗೆ ನೆನಪಾಗುವುದು ಇವರೇ. ಇಷ್ಟರ ನಡುವೆ ಅವನು ಕಣ್ಣು ಮುಚ್ಚಿದ್ದು ನಲವತ್ತು ನಿಮಿಷ, ಅದೂ ಬೂಟು ಬಿಚ್ಚದೆ.

ಆಮೇಲೆ ಚಪ್ಪಲಿ ಗೋದಾಮಿಗೆ ಬೆಂಕಿ ಬಿತ್ತು. ಮಿಂಗ್‌ಹೋ, ಚಾಂಗ್ ಇಬ್ಬರೂ ಒಳಗೆ ಹೊರಟರು. ಮಿಂಗ್‌ಹೋ ಇವನ ಜೊತೆಗೇ ತರಬೇತಿ ಮುಗಿಸಿದ ಗೆಳೆಯ.

"ಕಳೆದ್‌ಗಿಳೆದೀಯ ಕಣೋ, ನನ್ನ ಹೆಂಡ್ತಿ ಸೀದಾ ನಿನ್ನ ಮನೇಗೇ ಬಂದು ಕೂರ್ತಾಳೆ," ಎಂದು ಬಿಲ್ಲೆ ಕೊಟ್ಟು ಹೋದ.

ಸ್ವಲ್ಪ ಹೊತ್ತಿಗೆ ಚಾಂಗ್ ಹೊರಗೆ ಬಂದು, ಹೊಸ ಸಿಲಿಂಡರ್ ಹಾಕಿಕೊಂಡು ಮತ್ತೆ ಒಳಹೊಕ್ಕ. ಕುವೊತುಂಗ್ ಹೊಸ ಹೊತ್ತು ಬರೆದ. ಬರೆದದ್ದು ಮಿಂಗ್‌ಹೋನ ಬಿಲ್ಲೆಯ ಮುಂದೆ.

ಒಂದು ಸಾಲು ಕೆಳಗೆ ಬರೆದಿದ್ದರೆ ಸಾಕಿತ್ತು. ಹಲಗೆಯ ಪ್ರಕಾರ ಮಿಂಗ್‌ಹೋಗೆ ಇನ್ನೂ ಇಪ್ಪತ್ತು ನಿಮಿಷದ ಗಾಳಿಯಿತ್ತು. ಬೆನ್ನ ಮೇಲಿದ್ದದ್ದು ಆರು ನಿಮಿಷದ್ದು. ಹೊಗೆಯಲ್ಲಿ ದಾರಿ ತಪ್ಪಿದವನನ್ನು ಕರೆಯಬೇಕಾದ ಹೊತ್ತಿಗೆ ಯಾರೂ ಕರೆಯಲಿಲ್ಲ. ಚಾಂಗ್ ಅವನ ಮೈಗೆ ಎಡವಿ ಬಿದ್ದಾಗಲೇ ಮಿಂಗ್‌ಹೋ ಸಿಕ್ಕಿದ್ದು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ.

ನಾಲ್ಕು ಗಂಟೆಗೆ ಠಾಣೆಯ ಮುಖ್ಯಸ್ಥ ಲಾಯ್ ಒಂದು ಕಾಗದ ತಂದಿಟ್ಟರು.

"ಅಜಾಗರೂಕತೆ ಅಂತ ಬರ್ದಿದೀನಿ. ರುಜು ಹಾಕು."

"ನಿದ್ದೆ ಇರ್ಲಿಲ್ಲ ಸಾರ್. ಅದನ್ನೂ ಬರೀರಿ."

ಲಾಯ್ ಡ್ಯೂಟಿ ಪುಸ್ತಕ ತೆರೆದು ಅವನತ್ತ ತಿರುಗಿಸಿದರು. ಸೋಮವಾರ: ವಿಶ್ರಾಂತಿ ಎಂಟು ಗಂಟೆ. ಪಕ್ಕದಲ್ಲಿ ಅವನದೇ ರುಜು. ತಿಂಗಳ ಮೊದಲನೇ ದಿನವೇ ಎಲ್ಲರೂ ಚಹಾ ಕುಡಿಯುತ್ತ ಇಡೀ ತಿಂಗಳ ವಿಶ್ರಾಂತಿಗೆ ರುಜು ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಮಾಡದ ನಿದ್ದೆಗೆ ತಾವೇ ಸಾಕ್ಷಿ!

"ಇದು ಸುಳ್ಳು ಅಂದ್ರೆ ಎಲ್ರದ್ದೂ ಸುಳ್ಳೇ," ಎಂದರು ಲಾಯ್. "ಆಸ್ಪತ್ರೇಲಿ ಮಲಗಿರೋನ ಮೇಲೂ ವಿಚಾರಣೆ ಬರುತ್ತೆ. ಅವನ ಹೆಂಡ್ತಿಗೆ ಅದನ್ನ ನೀನು ಹೇಳ್ತೀಯಾ?"

ಲಾಯ್ ಕೆಟ್ಟವರಲ್ಲ; ಅವರ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಡದಂತಾಗಿದ್ದವು. ಕುವೊತುಂಗ್ ರುಜು ಹಾಕಿದ.

"ಸಾರ್, ಹಲಗೆ ಮಾತ್ರ ನನ್ನ ಕೈಗೆ ಕೊಡ್ಬೇಡಿ."

"ಇನ್ಯಾರಿಗೆ ಕೊಡ್ಲಿ? ಚಾಂಗೂ ಅವನ ಜೊತೆ ಆಸ್ಪತ್ರೇಲಿದಾನೆ. ಬೆಳಿಗ್ಗೆ ತನಕ ಹೇಗೋ ಎಳಿಯಪ್ಪ."

ಐದಕ್ಕೆ ಮತ್ತೆ ಠಾಣೆಯ ಕರೆಗಂಟೆ ಹೊಡೆಯಿತು. ಐದಂತಸ್ತಿನ ಕಟ್ಟಡದ ಮೂರನೇ ಮಹಡಿಯ ಅಡುಗೆಮನೆ ಹತ್ತಿಕೊಂಡಿತ್ತು. ಠಾಣೆಯ ಕಿರಿಯ ಸಿಬ್ಬಂದಿ ಶ್ಯೂಲಿನ್ ಸಿಲಿಂಡರ್ ಬಿಗಿದುಕೊಂಡು ಬಿಲ್ಲೆ ಚಾಚಿದಳು. ನಾಲ್ಕು ವರ್ಷ ಅವನ ಮುಖ ಕೂಡ ನೋಡದೆ ಕೊಟ್ಟು ಓಡುತ್ತಿದ್ದವಳು. ಅವನು ಹಿಡಿದುಕೊಂಡ. ಅವಳು ಬಿಡಲಿಲ್ಲ.

"ತುಂಗಣ್ಣ, ತಪ್ಪು ತಿಳ್ಕೋಬೇಡಿ. ನನ್ನ ಹೆಸರು ಒಂದ್ಸಲ ಓದಿ."

"ಶ್ಯೂಲಿನ್."

"ಇನ್ನೊಂದ್ಸಲ."

ಬಿಲ್ಲೆಯ ಅಕ್ಷರಗಳು ಮೊದಲ ಸಲವೇ ಕಣ್ಣಿಗೆ ಕಲಸಿಹೋಗಿದ್ದವು. ನನಗೆ ಕಾಣ್ತಿಲ್ಲ, ಹೋಗಬೇಡ ಎನ್ನಲು ಬಾಯಿ ತೆರೆದ. ಮೇಲೆ ಕಿಟಕಿಯಲ್ಲಿ ಯಾರೋ ಹೆಂಗಸು ಕೂಗುತ್ತಿದ್ದಳು.

"ಶ್ಯೂಲಿನ್," ಎಂದ, ನೆನಪಿನಿಂದಲೇ.

ಅವಳು ಬಿಲ್ಲೆ ಬಿಟ್ಟು ಮೆಟ್ಟಿಲು ಹತ್ತಿದಳು.